ಹಲಸಿನ ಹಳದಿ ಎಷ್ಟು ದಿನ ಉಳಿಯುತ್ತದೆ?

ಪ್ರಶ್ನೆ: ನಮ್ಮದು ಪುತ್ತೂರು ಹತ್ತಿರದ ಹಳ್ಳಿ. ಮಾವನವರ ಕಾಲದ ಹಲಸಿನ ಮರವೊಂದು ಜೂನ್ ತಿಂಗಳ ಗಾಳಿಮಳೆಗೆ ಬಿತ್ತು. ಬುಡದ ಹತ್ತಿರ ಸುತ್ತಳತೆ ಆರು ಅಡಿ ಇದೆ. ಒಂದು ತುಂಡು ಕೊಯ್ದು ನೋಡಿದರೆ ಒಳಗೆ ಅರಿಶಿನದ ಹಾಗೆ ಹಳದಿ. ಬೆಂಗಳೂರಿನಲ್ಲಿರುವ ಮಗನ ಹೊಸ ಮನೆಗೆ ಇದರಲ್ಲಿ ಊಟದ ಮೇಜು, ದೇವರಕೋಣೆಯ ಬಾಗಿಲು ಮಾಡಿಸಬೇಕು ಅಂತ ಆಸೆ. ದೀಪಾವಳಿ ಹೊತ್ತಿಗೆ ಗೃಹಪ್ರವೇಶ. ನಮ್ಮ ಆಚಾರಿಯವರು ಆಗುತ್ತದೆ ಅನ್ನುತ್ತಾರೆ. ಮಗನಿಗೆ ಆ ಹಳದಿ ಬಣ್ಣ ಹಾಗೇ ಉಳಿಯಬೇಕಂತೆ. ಉಳಿಯುತ್ತದಾ? ಹುಳ ಹಿಡಿಯುತ್ತದಾ? ಯಾವ ಪಾಲಿಶ್ ಒಳ್ಳೆಯದು?

ಉತ್ತರ: ಮೊದಲು ನಿಮಗೆ ಇಷ್ಟವಾಗದ ಎರಡು ಮಾತು ಹೇಳಿಬಿಡುತ್ತೇನೆ. ಆ ಹಳದಿ ಉಳಿಯುವುದಿಲ್ಲ. ಮೇಜು ದೀಪಾವಳಿಗೆ ಆಗುವುದಿಲ್ಲ, ಆಗಬಾರದು ಕೂಡ. ಇವೆರಡನ್ನು ಒಪ್ಪಿಕೊಂಡರೆ, ನಿಮ್ಮ ಕೈಗೆ ಸಿಕ್ಕಿರುವುದು ನಮ್ಮ ಕಡೆಯ ಅತ್ಯಂತ ಒಳ್ಳೆಯ ಮರಗಳಲ್ಲಿ ಒಂದು. ಬೀಟೆ, ಸಾಗುವಾನಿ ಅಂತ ಜನ ಹುಡುಕಿಕೊಂಡು ಹೋಗುತ್ತಾರೆ. ಹಿತ್ತಲಲ್ಲೇ ಇರುವ ಹಲಸಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅಂತ ನನಗೆ ಯಾವಾಗಲೂ ಬೇಜಾರು.

ಬಣ್ಣದ ವಿಷಯವನ್ನೇ ಮೊದಲು ನೋಡೋಣ. ಹಲಸು ಅತ್ತಿ, ಆಲ, ಹಿಪ್ಪುನೇರಳೆಗಳ ಕುಟುಂಬದ್ದು. ಮರವನ್ನು ಅಡ್ಡ ಕೊಯ್ದರೆ ಹೊರಗೆ ಬಿಳಿಯ ಒಂದು ಸುತ್ತು, ಒಳಗೆ ಹಳದಿ ತಿರುಳು ಕಾಣುತ್ತದೆ. ತಿರುಳಿಗೆ ಚೇಗು ಅಂತಲೂ ಹೇಳುತ್ತಾರೆ. ಚೇಗಿನಲ್ಲಿ ಮೋರಿನ್ ಅನ್ನುವ ಹಳದಿ ವಸ್ತು ತುಂಬಿರುತ್ತದೆ. ಥಾಯ್ಲೆಂಡ್, ಮ್ಯಾನ್ಮಾರ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಿಂದಿನಿಂದ ಬಣ್ಣ ಕಟ್ಟುತ್ತಿದ್ದುದು ಇದೇ ಹಲಸಿನ ಚೆಕ್ಕೆಗಳನ್ನು ಕುದಿಸಿ. ಅಂದರೆ ನಿಮ್ಮ ಮರದ ಹಳದಿ ಬರೀ ನೋಟಕ್ಕಲ್ಲ, ಅದು ನಿಜವಾದ ಬಣ್ಣದ ಸರಕು.

ಆದರೆ ಆ ವಸ್ತುವಿಗೆ ಬೆಳಕು ತಾಗಬಾರದು. ಬೆಳಕು, ಅದರಲ್ಲೂ ಬಿಸಿಲಿನ ನೇರಳಾತೀತ ಕಿರಣ, ಜೊತೆಗೆ ಗಾಳಿ ತಾಗಿದರೆ ಹಳದಿ ನಿಧಾನಕ್ಕೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ವರ್ಷಗಳು ಕಳೆದಂತೆ ಕೆಂಪು ಮಿಶ್ರಿತ ಕಂದು ಆಗುತ್ತದೆ. ಕರಾವಳಿಯ ಹಳೆ ಮನೆಗಳ ದಾರಂದ, ಕಂಬಗಳನ್ನು ನೋಡಿದ್ದೀರಲ್ವಾ? ಅವುಗಳಲ್ಲಿ ಎಷ್ಟೋ ಹಲಸಿನವೇ. ಅವೂ ಒಂದು ದಿನ ಅರಿಶಿನದ ಹಾಗೆ ಇದ್ದವು.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ. ಒಂದು ಚೂರು ಹಲಗೆ ತೆಗೆದುಕೊಂಡು ಹತ್ತರಿ ಹೊಡೆದು ನುಣುಪು ಮಾಡಿ. ಅರ್ಧಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಬಿಸಿಲು ಬೀಳುವ ಕಿಟಕಿಯಲ್ಲಿ ಇಡಿ. ಮಳೆಗಾಲವಾದ್ದರಿಂದ ಸ್ವಲ್ಪ ಜಾಸ್ತಿ ದಿನ ಹಿಡಿಯಬಹುದು. ಆಮೇಲೆ ಫಾಯಿಲ್ ಬಿಚ್ಚಿದರೆ ಮಧ್ಯೆ ಗೆರೆ ಎಳೆದ ಹಾಗೆ ಎರಡು ಬಣ್ಣ ಕಾಣುತ್ತದೆ. ಆ ಚೂರನ್ನು ಮಗನಿಗೆ ಕಳಿಸಿ. ಹೊಸ ಮೇಜಿನ ಮೇಲೆ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಹೂದಾನಿ ಇಟ್ಟರೆ ಅದರ ಅಡಿಯಲ್ಲಿ ಹಳದಿ ವೃತ್ತ ಉಳಿಯುವುದೂ ಇದೇ ಕಾರಣಕ್ಕೆ. ಮೊದಲ ವರ್ಷ ಮೇಜಿನ ಮೇಲಿನ ವಸ್ತುಗಳನ್ನು ಆಗಾಗ ಸರಿಸುತ್ತಾ ಇರಲಿ, ಆಗ ಬಣ್ಣ ಸಮವಾಗಿ ಮಾಗುತ್ತದೆ.

ಬೆಳಕಿನಿಂದ ಆಗುವ ಈ ಬದಲಾವಣೆ ಮೇಲ್ಮೈಯಲ್ಲಿ ಮಾತ್ರ, ಕೂದಲೆಳೆಯಷ್ಟು ದಪ್ಪ. ಹಳೆ ಹಲಸಿನ ಹಲಗೆಗೆ ಎರಡು ಸಲ ಹತ್ತರಿ ಹೊಡೆದರೆ ಒಳಗಿಂದ ಹೊಂಬಣ್ಣ ಎದ್ದು ಬರುತ್ತದೆ. ನನಗೆ ಈ ಮರದ ಮೇಲೆ ಪ್ರೀತಿ ಹುಟ್ಟಿದ್ದೇ ಹಾಗೆ ಒಮ್ಮೆ ಹಳೆಯ ಹೊಸ್ತಿಲನ್ನು ಕೆರೆದಾಗ.

ನೇರಳಾತೀತ ಕಿರಣ ತಡೆಯುವ ಪಾಲಿಯುರೆಥೇನ್ ಅನ್ನುವ ಪಾಲಿಶ್ ಸಿಗುತ್ತದೆ. ಅದು ಬದಲಾವಣೆಯನ್ನು ತಡಮಾಡುತ್ತದೆ, ನಿಲ್ಲಿಸುವುದಿಲ್ಲ. ಹಳದಿ ಉಳಿಸುತ್ತೇವೆ ಅಂತ ಹಳದಿ ಸ್ಟೇನ್ ಬಳಿಯುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಮರದ ಎಳೆ ಮುಚ್ಚಿಹೋಗುತ್ತದೆ, ಎರಡು ವರ್ಷಕ್ಕೆ ಅದೂ ಮಾಸುತ್ತದೆ.

ಈಗ ಒಣಗಿಸುವ ವಿಷಯ. ನಿಮ್ಮ ಮೇಜು ಉಳಿಯುವುದು ಅಳಿಯುವುದು ಇಲ್ಲೇ ತೀರ್ಮಾನವಾಗುತ್ತದೆ, ಪಾಲಿಶ್‌ನಲ್ಲಿ ಅಲ್ಲ.

ಹಸಿ ಮರದಲ್ಲಿ ನೀರು ತುಂಬಿರುತ್ತದೆ. ಅದು ಆರುತ್ತಾ ಬಂದು ಒಣ ಮರದ ತೂಕದ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದಾಗ ಮರ ಕುಗ್ಗಲು ಶುರುವಾಗುತ್ತದೆ. ಎಲ್ಲಿಯವರೆಗೆ ಒಣಗುತ್ತದೆ ಅನ್ನುವುದು ಸುತ್ತಲಿನ ಗಾಳಿಯ ಮೇಲೆ ನಿಂತಿದೆ. ಕರಾವಳಿಯ ಮಳೆಗಾಲದಲ್ಲಿ ಮರ ಶೇಕಡಾ 18ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಬೆಂಗಳೂರಿನ ಫೆಬ್ರವರಿ, ಮಾರ್ಚ್ ಒಣಹವೆಯಲ್ಲಿ ಅದೇ ಮರ 9, 10ಕ್ಕೆ ಇಳಿಯುತ್ತದೆ. ಆ ವ್ಯತ್ಯಾಸಕ್ಕೆ ಮೂರು ಅಡಿ ಅಗಲದ ಮೇಜು ಅರ್ಧ ಇಂಚಿನ ಹತ್ತಿರ ಕುಗ್ಗಬಹುದು. ಉದ್ದಕ್ಕೆ ಮಾತ್ರ ಬಹುತೇಕ ಏನೂ ಆಗುವುದಿಲ್ಲ.

ಕೆಲಸ ಕಲಿತ ಹೊಸದರಲ್ಲಿ ಬೆಂಗಳೂರಿನಲ್ಲಿದ್ದ ಅಕ್ಕನ ಮನೆಗೆ ನಾನೇ ಹಲಸಿನ ಮೇಜು ಮಾಡಿಕೊಟ್ಟಿದ್ದೆ. ಐದು ತಿಂಗಳು ಒಣಗಿಸಿದ ಹಲಗೆ. ಕೈಗೆ ಒಣಗಿದ ಹಾಗೇ ಅನ್ನಿಸಿತ್ತು. ಮೇಲಿನ ಹಲಗೆಯನ್ನು ಕಾಲಿನ ಚೌಕಟ್ಟಿಗೆ ಅಂಟು ಹಾಕಿ, ಸ್ಕ್ರೂ ಬಿಗಿದು ಅಲುಗಾಡದ ಹಾಗೆ ಕೂರಿಸಿದ್ದೆ. ಶಿವರಾತ್ರಿ ಹೊತ್ತಿಗೆ ಅಕ್ಕ ಫೋನ್ ಮಾಡಿದಳು. ರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದಾಯಿತಂತೆ. ಬೆಳಿಗ್ಗೆ ನೋಡಿದರೆ ಮೇಜು ಉದ್ದಕ್ಕೂ ಸೀಳಿತ್ತು. ತಪ್ಪು ಮರದ್ದಲ್ಲ, ನನ್ನದು. ಆ ಮೇಲೆ ಒಣಗಿದ ಲೆಕ್ಕ ಸಿಗದೆ ಒಂದು ಹಲಗೆಯನ್ನೂ ಮುಟ್ಟಿಲ್ಲ.

ಹಾಗಾಗಿ ನೀವು ಹೀಗೆ ಮಾಡಿ. ಮರ ಬಿದ್ದು ಜಾಸ್ತಿ ದಿನ ಆಗುವ ಮೊದಲೇ ಕೊಯ್ಸಿ. ಮಳೆಯಲ್ಲಿ ಬಿದ್ದಿದ್ದರೆ ಬಿಳಿ ಭಾಗಕ್ಕೆ ಬೂಷ್ಟು ಹಿಡಿದು ಕಪ್ಪು ಕಲೆ ಇಳಿಯುತ್ತದೆ. ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. ನಿಮ್ಮದೇ ಜಾಗದ ಮರ, ತಾನಾಗಿ ಬಿದ್ದದ್ದು, ನಿಜ. ಆದರೂ ಕಾಗದ ಕೈಯಲ್ಲಿದ್ದರೆ ದಾರಿಯಲ್ಲಿ ಯಾರಿಗೂ ಉತ್ತರ ಕೊಡುವುದು ಸುಲಭ.

ಮಿಲ್‌ನಲ್ಲಿ ಅಳತೆಯ ಲೆಕ್ಕ ನಿಮಗೂ ಗೊತ್ತಿರಲಿ. ದಿಮ್ಮಿಯ ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ನಿಮ್ಮದು ಆರು ಅಡಿ ಸುತ್ತು. ಎಂಟು ಅಡಿ ಉದ್ದ ಕತ್ತರಿಸಿದರೆ ಒಂದೂವರೆ ಗುಣಿಸು ಒಂದೂವರೆ ಗುಣಿಸು ಎಂಟು, ಅಂದರೆ 18 ಘನ ಅಡಿ. ದುಂಡು ಲೆಕ್ಕದಲ್ಲಿ ದಿಮ್ಮಿ ನಿಜಕ್ಕೂ 23 ಘನ ಅಡಿಯ ಹತ್ತಿರ ಇರುತ್ತದೆ. ಕೊಯ್ಯುವಾಗ ಹೋಗುವ ಅಂಚು, ಹೊಟ್ಟಿನ ಬಾಬ್ತು ಆ ವ್ಯತ್ಯಾಸದಲ್ಲಿ ಸೇರಿಹೋಗುತ್ತದೆ. ಹಲಸಿನಲ್ಲಿ ಬಿಳಿ ಭಾಗವನ್ನೂ ಬಿಟ್ಟು ಲೆಕ್ಕ ಹಾಕಬೇಕಾದ್ದರಿಂದ ಕೈಗೆ ಸಿಗುವ ಹಳದಿ ಹಲಗೆ ಇನ್ನೂ ಕಡಿಮೆ. ಮೇಜು, ಬಾಗಿಲು ಎರಡಕ್ಕೂ ಧಾರಾಳ ಸಾಕು ಬಿಡಿ.

ಕೊಯ್ಯುವವರಿಗೆ ಒಂದು ಮಾತು ಖಂಡಿತ ಹೇಳಿ. ದಿಮ್ಮಿಯ ನಟ್ಟನಡುವಿನ ಬೆಂಡು ಯಾವ ಹಲಗೆಯ ಒಳಗೂ ಬರಬಾರದು. ಅದು ಇದ್ದ ಹಲಗೆ ಒಡೆದೇ ಒಡೆಯುತ್ತದೆ. ಹಳೆ ಹಲಸಿನಲ್ಲಿ ನಡು ಟೊಳ್ಳಾಗಿರುವುದೂ ಉಂಟು, ಆಗ ಆ ಚಿಂತೆ ತಾನಾಗಿ ತಪ್ಪಿತು. ಮೇಜಿಗೆ ಒಂದೂವರೆ ಇಂಚು, ಬಾಗಿಲ ಚೌಕಟ್ಟಿಗೆ ಎರಡು ಇಂಚು, ಒಳಹಲಗೆಗೆ ಒಂದು ಇಂಚು ದಪ್ಪ ಕೊಯ್ಸಿ. ಒಣಗಿ, ಹತ್ತರಿ ಹೊಡೆದ ಮೇಲೆ ಕಾಲು ಇಂಚು ಹೋಗುತ್ತದೆ. ಹಸಿ ಹಲಸಿನ ಮೇಣ ಗರಗಸಕ್ಕೆ ಅಂಟಿದರೆ ಸೀಮೆಎಣ್ಣೆಯಲ್ಲಿ ಒರೆಸಿದರೆ ಸಾಕು. ಹಣ್ಣು ಬಿಡಿಸುವಾಗ ಕೈಗೆ ತೆಂಗಿನೆಣ್ಣೆ ಹಚ್ಚುತ್ತೀರಲ್ಲ, ಹಾಗೇ.

ಕೊಯ್ದ ದಿನವೇ ಹಲಗೆಗಳ ಎರಡೂ ತುದಿಗೆ ಹಳೆ ಆಯಿಲ್ ಪೇಂಟ್ ದಪ್ಪಕ್ಕೆ ಬಳಿಯಿರಿ. ನೀರು ತುದಿಯಿಂದ ಬೇಗ ಆರುತ್ತದೆ, ಅದಕ್ಕೇ ತುದಿ ಮೊದಲು ಸೀಳುವುದು. ಕೊಟ್ಟಿಗೆಯಲ್ಲೋ, ಅಡಿಕೆ ಶೆಡ್‌ನಲ್ಲೋ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸಮತಟ್ಟಾಗಿ ಪೇರಿಸಿ. ಪ್ರತಿ ಎರಡು ಹಲಗೆಯ ಮಧ್ಯೆ ಒಂದೇ ದಪ್ಪದ ಒಣ ರೀಪುಗಳನ್ನು ಎರಡೆರಡು ಅಡಿಗೆ ಇಡಿ. ಮೇಲಿನ ರೀಪು ಕೆಳಗಿನದರ ನೇರಕ್ಕೇ ಬರಲಿ, ಇಲ್ಲದಿದ್ದರೆ ಹಲಗೆ ಡೊಂಕಾಗುತ್ತದೆ. ಮೇಲೆ ಭಾರಕ್ಕೆ ಕಲ್ಲು ಹೇರಿ. ಬಿಸಿಲು ಬೇಡ, ಗಾಳಿ ಬೇಕು. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ, ನಿಮ್ಮೂರಿನ ಹವೆಗೆ ಅದೇ ಸರಿ.

ಒಣಗಿದೆಯೋ ಇಲ್ಲವೋ ತಿಳಿಯಲು ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ಅದಿಲ್ಲದೆಯೂ ಆಗುತ್ತದೆ. ಪೇರಿಸುವಾಗಲೇ ಅದೇ ದಪ್ಪದ ಎರಡಡಿ ತುಂಡೊಂದನ್ನು ತೂಗಿ, ತೂಕ ಮತ್ತು ತಾರೀಖನ್ನು ಅದರ ಮೇಲೇ ಬರೆದು ಜೊತೆಗೆ ಇಡಿ. ತುದಿಗೆ ಪೇಂಟ್ ಇರಲಿ. ತಿಂಗಳಿಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ನಿಮ್ಮೂರಿನ ಮಟ್ಟಿಗೆ ಒಣಗಿತು. ಆಮೇಲೆ ಹಲಗೆಗಳನ್ನು ಬೆಂಗಳೂರಿಗೆ ಸಾಗಿಸಿ, ಒಂದು ಬೇಸಿಗೆ ಮಗನ ಮನೆಯೊಳಗೇ ರೀಪು ಕೊಟ್ಟು ಇಟ್ಟು, ಅಲ್ಲೇ ಮೇಜು ಕಟ್ಟಿಸಿ. ಇದು ನಾನು ಒತ್ತಿ ಹೇಳುವ ಮಾತು. ಊರಿನಲ್ಲಿ ಕಟ್ಟಿ ಅಲ್ಲಿಗೆ ಸಾಗಿಸಬೇಡಿ. ಅಷ್ಟು ಕಾಯಲು ಆಗದಿದ್ದರೆ ಸೀಸನಿಂಗ್ ಪ್ಲಾಂಟ್‌ನಲ್ಲಿ ಬಿಸಿಗಾಳಿಯಲ್ಲಿ ಒಣಗಿಸಿಕೊಡುತ್ತಾರೆ, ವಾರಗಳ ಲೆಕ್ಕದಲ್ಲಿ ಮುಗಿಯುತ್ತದೆ. ಶೇಕಡಾ 10ಕ್ಕೆ ಇಳಿಸಿಕೊಡಿ ಅಂತ ಕೇಳಿ. ಆಗಲೂ ದೀಪಾವಳಿಗೆ ಓಡಬೇಡಿ.

ಗೃಹಪ್ರವೇಶಕ್ಕೆ ಏನಾದರೂ ಬೇಕೇ ಬೇಕಲ್ಲ? ನಿಮ್ಮ ಮನೆಯ ಅಟ್ಟ ಹುಡುಕಿ. ಹಳೆ ಮನೆಯಲ್ಲಿ ಹಲಸಿನ ಹಲಗೆಯೋ, ಮುರಿದ ಬಾಗಿಲೋ ಇದ್ದೇ ಇರುತ್ತದೆ. ಅದು ದಶಕಗಳಿಂದ ಒಣಗಿದ ಮರ. ಅದರಲ್ಲಿ ಎರಡು ಮಣೆ ಮಾಡಿಸಿ. ಹಲಸಿನ ಮಣೆ ನಮ್ಮ ಕಡೆ ಪೂಜೆಗೂ ಊಟಕ್ಕೂ ಹಿಂದಿನಿಂದ ಬಂದದ್ದೇ.

ಹುಳದ ಬಗ್ಗೆ ಕೇಳಿದ್ದೀರಿ. ಚೇಗಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಬಿಳಿ ಭಾಗದ ಕತೆ ಬೇರೆ. ಅದರಲ್ಲಿ ಪಿಷ್ಟ ಇರುತ್ತದೆ. ಕುಟ್ಟೆ ಹುಳ ಬಂದು ಸೂಜಿತೂತು ಕೊರೆದು ಹಿಟ್ಟು ಉದುರಿಸುತ್ತದೆ. ಹಲಸು ಹುಳ ಹಿಡಿಯುತ್ತದೆ ಅನ್ನುವವರೆಲ್ಲ ನೋಡಿರುವುದು ಬಿಳಿ ಭಾಗ ಸೇರಿಸಿ ಮಾಡಿದ ಸಾಮಾನನ್ನು. ಮೇಜಿಗೂ ಬಾಗಿಲಿಗೂ ಬಿಳಿ ಭಾಗ ಒಂದು ಬೆರಳಿನಷ್ಟೂ ಬೇಡ. ಹಳದಿ ಬಿಳಿ ಜೋಡಿ ಚೆಂದ ಕಾಣುತ್ತದೆ ಅಂತ ಮಗ ಕೇಳಿದರೆ, ಕೊಯ್ದ ಕೂಡಲೇ ಹಲಗೆ ಹಸಿಯಾಗಿದ್ದಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ಮುಳುಗಿಸಬೇಕು. ನೂರು ಲೀಟರ್ ನೀರಿಗೆ ಬೋರಾಕ್ಸ್ ಮೂರು ಕೆ.ಜಿ., ಬೋರಿಕ್ ಆಸಿಡ್ ಎರಡು ಕೆ.ಜಿ. ಹಸಿ ಮರದಲ್ಲಿ ಅದು ನೀರಿನ ಜೊತೆ ಒಳಗೆ ಹಬ್ಬುತ್ತದೆ. ಒಣಗಿದ ಮೇಲೆ ಬಳಿದರೆ ಮೇಲೇ ಉಳಿಯುತ್ತದೆ. ಮಳೆಗೆ ನೆನೆಯುವ ಜಾಗದಲ್ಲಿ ತೊಳೆದುಹೋಗುವುದರಿಂದ ಮನೆಯೊಳಗಿನ ಸಾಮಾನಿಗೆ ಮಾತ್ರ ಇದು ಸರಿ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನೂ ದನಕರುಗಳನ್ನೂ ಆ ನೀರಿನಿಂದ ದೂರ ಇಡಿ.

ಇನ್ನು ಕೆಲಸದ ಗುಣ. ಒಣಗಿದ ಹಲಸು ಘನ ಅಡಿಗೆ ಸುಮಾರು 17 ಕೆ.ಜಿ. ತೂಗುತ್ತದೆ. ಬೀಟೆಯಾದರೆ 23ರ ಮೇಲೆ. ಸಾಗುವಾನಿಯ ಹತ್ತಿರದ ತೂಕ ಅನ್ನಿ. ಉಳಿಗೆ, ಗರಗಸಕ್ಕೆ ಚೆನ್ನಾಗಿ ಬಗ್ಗುತ್ತದೆ. ಕೊರೆಯಲೂ ಸುಲಭ. ಆದರೆ ಎಳೆ ಒಂದು ಪದರ ಈ ಕಡೆ, ಇನ್ನೊಂದು ಪದರ ಆ ಕಡೆ ವಾಲಿರುತ್ತದೆ. ಅದಕ್ಕೇ ಪಾಲಿಶ್ ಮಾಡಿದ ಹಲಗೆಯನ್ನು ಓರೆಯಾಗಿ ನೋಡಿದರೆ ರೇಷ್ಮೆ ಸೀರೆಯ ಮಡಿಕೆಯಂತೆ ಹೊಳೆಯುವ ಪಟ್ಟಿಗಳು ಕಾಣುವುದು. ಅದೇ ಕಾರಣಕ್ಕೆ ಮೊಂಡು ಹತ್ತರಿ ಹೊಡೆದರೆ ಎಳೆ ಕಿತ್ತು ಬರುತ್ತದೆ. ಅಲಗು ಚೂಪಾಗಿರಲಿ, ಒಂದೊಂದು ಸಲಕ್ಕೆ ತೆಳ್ಳಗೆ ತೆಗೆಯಲಿ. ಹಲಸಿನ ಹೊಟ್ಟು ಬೆವರಿದ ಕೈಗೆ ಹಳದಿ ಹಚ್ಚುತ್ತದೆ. ಮೂಗಿಗೆ ಮಾಸ್ಕ್ ಬೇಕು.

ಸಂಗೀತದವರಿಗೆ ಈ ಮರ ಎಷ್ಟು ಬೇಕು ಅಂತ ಗೊತ್ತಾದರೆ ನಿಮಗೆ ಹೆಮ್ಮೆಯಾದೀತು. ತಂಜಾವೂರು ವೀಣೆಯ ಕುಡ, ಅಂದರೆ ಕೊಡದಂತಹ ದುಂಡು ಭಾಗ, ಹಲಸು. ಮೃದಂಗದ ಮೈ ಹಲಸು. ತಮಿಳುನಾಡಿನ ಪಣ್ರುಟ್ಟಿಯ ಹಲಸಿಗೆ ವಾದ್ಯ ಮಾಡುವವರಲ್ಲಿ ಬೇಡಿಕೆ. ಕೇರಳದ ಚೆಂಡೆಯೂ ಇದರದ್ದೇ. ಹಗುರ, ಗಟ್ಟಿ, ಕೊರೆದು ತೆಳ್ಳಗೆ ಮಾಡಿದರೂ ಒಡೆಯದ ಗುಣ, ಇವು ಒಟ್ಟಿಗೆ ಸಿಗುವ ಮರ ಜಾಸ್ತಿ ಇಲ್ಲ. ಮೈಸೂರಿನ ಬೀಟೆ ಕುಸುರಿಯಲ್ಲಿ ಕಪ್ಪು ನೇರಳೆ ಹಿನ್ನೆಲೆಯ ಮೇಲೆ ಹಳದಿ ಬೇಕಾದ ಕಡೆ ಹಲಸಿನ ಚೂರು ಕೂರಿಸುವುದುಂಟು. ನಿಮ್ಮ ಮರದ ದಪ್ಪ ಕೊಂಬೆಗಳನ್ನು ಸೌದೆಗೆ ಹಾಕುವ ಮೊದಲು ಹತ್ತಿರದಲ್ಲಿ ವಾದ್ಯ ಮಾಡುವವರು ಇದ್ದಾರಾ ವಿಚಾರಿಸಿ.

ಮೇಜು ಕಟ್ಟುವಾಗ ಮರಕ್ಕೆ ಅಲುಗಾಡಲು ಜಾಗ ಬಿಡಬೇಕು. ಮೇಲಿನ ಹಲಗೆಯನ್ನು ಚೌಕಟ್ಟಿಗೆ ಅಂಟಿಸಬೇಡಿ. ಸ್ಕ್ರೂ ಹೋಗುವ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆಯಲಿ, ಆಗ ಮರ ಹಿಗ್ಗಿದರೂ ಕುಗ್ಗಿದರೂ ಸ್ಕ್ರೂ ಸರಿಯುತ್ತದೆ. ಬಾಗಿಲಿಗೆ ಚೌಕಟ್ಟಿನ ಒಳಬದಿಯಲ್ಲಿ ಸಣ್ಣ ಕಾಲುವೆಯಂತೆ ಕೊರೆದು, ಒಳಹಲಗೆಯನ್ನು ಅಂಟಿಲ್ಲದೆ ಅದರೊಳಗೆ ಕೂರಿಸಬೇಕು. ಕಾಲುವೆಗೆ ಇಳಿಯುವ ಅಂಚಿಗೂ ಕೂರಿಸುವ ಮೊದಲೇ ಪಾಲಿಶ್ ಹಚ್ಚಲಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಬಣ್ಣವಿಲ್ಲದ ಗೆರೆ ಇಣುಕುತ್ತದೆ.

ಕಬ್ಬಿಣದ ಮೊಳೆ ಬೇಡ. ತೇವ ತಾಗಿದರೆ ಹಲಸಿನ ಬಣ್ಣದ ವಸ್ತುವೂ ಕಬ್ಬಿಣವೂ ಸೇರಿ ಕಪ್ಪು ಹಸಿರು ಕಲೆ ಬಿಡುತ್ತದೆ, ಅದು ತೊಳೆದರೆ ಹೋಗುವುದಿಲ್ಲ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಳಸಿ. ದೇವರಕೋಣೆಯ ಬಾಗಿಲಿಗೆ ಹಿತ್ತಾಳೆ ಹೇಗೂ ಒಪ್ಪುತ್ತದೆ.

ಪಾಲಿಶ್‌ಗೆ ಬಂದರೆ, ಎರಡಕ್ಕೂ ಒಂದೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮೇಜಿನ ಮೇಲೆ ಸಾರು, ನೀರು, ಬಿಸಿ ಪಾತ್ರೆ ಎಲ್ಲ ಬೀಳುತ್ತದೆ. ಅದಕ್ಕೆ ಹೊಳಪು ಕಡಿಮೆಯ ಪಾಲಿಯುರೆಥೇನ್ ಮೂರು ಕೋಟ್, ಅಡಿಭಾಗಕ್ಕೂ ಸೇರಿಸಿ. ಅಡಿಗೆ ಹಚ್ಚದೆ ಬಿಟ್ಟರೆ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಒಣಗಿ ಹಲಗೆ ಬಟ್ಟಲಾಗುತ್ತದೆ. ದೇವರಕೋಣೆಯ ಬಾಗಿಲಿಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ಹಾಕಿಸಿ. ಹಲಸಿಗೆ ಅದು ಕೊಡುವ ಆಳ ಬೇರೆ ಯಾವುದೂ ಕೊಡುವುದಿಲ್ಲ. ಒಂದು ಎಚ್ಚರಿಕೆ ಇದೆ. ಮೋರಿನ್ ಸ್ಪಿರಿಟ್‌ನಲ್ಲಿ ಕರಗುತ್ತದೆ. ಪಾಲಿಶ್ ಬಟ್ಟೆ ಹಳದಿಯಾದರೆ ಗಾಬರಿ ಬೇಡ. ಆದರೆ ಪಕ್ಕದಲ್ಲಿ ಬಿಳಿ ಮರದ ಕುಸುರಿ ಇದ್ದರೆ ಅದಕ್ಕೆ ಆ ಹಳದಿ ಹರಡುತ್ತದೆ. ಬಿಳಿಗೆ ಮೊದಲು ಪುಟ್ಟ ಬ್ರಷ್‌ನಲ್ಲಿ ಒಂದು ಕೋಟ್ ಹಚ್ಚಿ ಒಣಗಿಸಿಕೊಳ್ಳಬೇಕು. ಅಗಸೆ ಎಣ್ಣೆಯೂ ಚೆಂದವೇ, ಬಣ್ಣ ಮಾತ್ರ ಮೊದಲ ದಿನವೇ ಗಾಢವಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಆ ಹಳದಿಯನ್ನು ಮಗನ ಮನೆಗೆ ಕೊಡಲು ಇನ್ನೊಂದು ದಾರಿ ಇದೆ. ಮಿಲ್‌ನಿಂದ ಬರುವಾಗ ಚೇಗಿನ ಹೊಟ್ಟನ್ನು ಒಂದು ಗೋಣಿಚೀಲದಲ್ಲಿ ತುಂಬಿ ತನ್ನಿ, ಬಿಳಿ ಹೊಟ್ಟು ಸೇರದಿರಲಿ. ನೆರಳಲ್ಲಿ ಒಣಗಿಸಿ. ಬಿಳಿ ರೇಷ್ಮೆ ಬಟ್ಟೆ ಒಂದು ಮೀಟರ್ ತೆಗೆದುಕೊಂಡು, ಬಟ್ಟೆಯ ತೂಕದ ಹತ್ತನೇ ಒಂದು ಭಾಗ ಪಟಕ ಕರಗಿಸಿದ ಬೆಚ್ಚನೆ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಮರುದಿನ ಬಟ್ಟೆಯ ಎರಡರಷ್ಟು ತೂಕದ ಹೊಟ್ಟನ್ನು ಸ್ಟೀಲ್ ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿ ಸೋಸಿ. ಕಬ್ಬಿಣದ ಬಾಣಲೆ ಬೇಡ, ಕಾರಣ ಆಗಲೇ ಹೇಳಿದೆ. ಆ ನೀರಿನಲ್ಲಿ ಬಟ್ಟೆಯನ್ನು ಕುದಿ ಬರದಷ್ಟು ಬಿಸಿಯಲ್ಲಿ ಒಂದು ಗಂಟೆ ತಿರುವುತ್ತಾ ಇರಿ. ನೆರಳಲ್ಲಿ ಒಣಗಿಸಿ. ಗೃಹಪ್ರವೇಶದ ದಿನ ಅದನ್ನು ಆ ಹಳೆ ಮಣೆಯ ಮೇಲೆ ಹಾಸಬಹುದು. ಉಳಿದ ಹೊತ್ತು ಮಡಚಿ ಪೆಟ್ಟಿಗೆಯಲ್ಲಿಟ್ಟರೆ, ಬೆಳಕು ತಾಗದ ಕಡೆ, ನಿಮ್ಮ ಮಾವನವರ ಮರದ ಹಳದಿ ಬಹುಕಾಲ ಇರುತ್ತದೆ.